ಟೋಪ ತೆನೆಯ ಪಂಚು

ಇಳಕಲ್ಲಿನ ದರ್ಜಿ ಓಣಿಯಲ್ಲಿ ರಂಗವ್ವನ ಸಾಣೆ ಅಂಗಡಿ ಅಂದರೆ ಒಂದು ಕಟ್ಟೆ, ಮೇಲೊಂದು ತಗಡು, ಅಷ್ಟೇ. ದರ್ಜಿಗಳ ಕತ್ತರಿ, ಖಾನಾವಳಿಯವರ ಈಳಿಗೆ ಎಲ್ಲ ಅಲ್ಲಿಗೇ ಬರುತ್ತವೆ. ಆದರೆ ಅವಳ ಕೈ ಪಳಗಿದ್ದು ಪಂಚುಗಳಲ್ಲಿ. ಕೈಯಿಂದ ಮಾಡುವ ಲಗ್ನಪತ್ರಿಕೆಗಳಿಗೆ ಹೂವು, ನವಿಲು, ಕಳಸ ಕತ್ತರಿಸಿಕೊಡುವ, ಹೆಬ್ಬೆರಳಿನಿಂದ ಒತ್ತುವ ಪುಟ್ಟ ಸಾಧನಗಳವು.

ಮಸೆಯುವುದನ್ನು ಅವಳು ಕಲಿತದ್ದು ಅಪ್ಪ ಹುಲ್ಲಪ್ಪನಿಂದ, ಕುರಿಯ ಉಣ್ಣೆ ಕತ್ತರಿಯ ಮೇಲೆ. ಮೊಂಡ ಕತ್ತರಿ ನಮ್ಮ ಕೈ ದಾಟಬಾರದು, ಕುರಿಯ ಮೈ ಹರಿದರೆ ಬೀರಪ್ಪ ದೇವರು ಕೇಳುವುದು ಮಸೆದವರನ್ನು ಎನ್ನುತ್ತಿದ್ದ. ಅಪ್ಪ ಹೋದ, ಕುರಿಗಳೂ ಹೋದವು. ಮಾತು ಉಳಿಯಿತು.

ಮೊದಲು ಅವಳು ಹುನಗುಂದದಲ್ಲಿ ಗೀತಾಂಜಲಿಯ ಕಾರ್ಡಿನ ಕೋಣೆಯಲ್ಲಿ ಕೆಲಸಕ್ಕಿದ್ದಳು. ಗೀತಾಂಜಲಿ ಬಾಗಲಕೋಟೆಯ ದೊಡ್ಡ ಮನೆತನಗಳಿಗೆ ಪತ್ರಿಕೆ ಮಾಡಿಕೊಡುವವಳು. ಅವಳ ಹೆಸರು ನಿಂತದ್ದು ಒಂದೇ ಪಂಚಿನ ಮೇಲೆ. ಇಳಕಲ್ ಸೀರೆಯ ಸೆರಗಿನಲ್ಲಿ ಹಲ್ಲು ಹಲ್ಲಾಗಿ ನೇಯುವ ಟೋಪ ತೆನೆಯ ನಮೂನೆಯನ್ನು ಹಾಗೆಯೇ ಕತ್ತರಿಸುವ ಆ ಪಂಚನ್ನು ಅವಳು ಹೇಳಿ ಮಾಡಿಸಿದ್ದಳು. ಒಂದು ದಿನ ಅದು ಕಾಣೆಯಾಯಿತು. ಪಂಚುಗಳನ್ನು ಮಸೆಯಲು ಮನೆಗೆ ಒಯ್ಯುತ್ತಿದ್ದವಳು ರಂಗವ್ವ ಒಬ್ಬಳೇ. ಗೀತಾಂಜಲಿ ಎಲ್ಲ ಹೆಂಗಸರೆದುರು ಅವಳ ಚೀಲವನ್ನು ನೆಲಕ್ಕೆ ಸುರಿದಳು. ರೊಟ್ಟಿಯ ಬುತ್ತಿ ಬಿತ್ತು, ಬಾಚಣಿಕೆ ಬಿತ್ತು, ಬೀರಪ್ಪನ ಭಂಡಾರದ ಪೊಟ್ಟಣ ಒಡೆದು ಅರಿಶಿನ ಚೆಲ್ಲಿತು. ಪಂಚು ಸಿಗಲಿಲ್ಲ. ಆ ಅರಿಶಿನದ ಮೇಲೆ ಗೀತಾಂಜಲಿ ಚಪ್ಪಲಿ ಕಾಲಿನಲ್ಲೇ ನಡೆದುಹೋದಳು.

ಸುದ್ದಿ ರಂಗವ್ವನಿಗಿಂತ ಮೊದಲು ಬಸ್ಸು ಹತ್ತಿ ಗಂಡನ ಊರು ರಾಮಥಾಳ ಮುಟ್ಟಿತ್ತು. ಅತ್ತೆ ದುರಗವ್ವ ಅಂದಿನಿಂದ ಟ್ರಂಕಿನ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು, ಸ್ನಾನಕ್ಕೆ ಹೋದರೂ ಬಿಡಲಿಲ್ಲ. ಅತ್ತೆ ಬಗ್ಗಿದಾಗ, ಎದ್ದಾಗ ಕೀಲಿ ಗಿಲಕ್ ಎನ್ನುತ್ತಿತ್ತು. ಆ ಸಪ್ಪಳ ಕೇಳಿದಾಗಲೆಲ್ಲ ರಂಗವ್ವನಿಗೆ ಹಳದಿ ಮೆತ್ತಿದ ಆ ಚಪ್ಪಲಿ ಕಣ್ಣಿಗೆ ಕಟ್ಟುತ್ತಿತ್ತು. ತವರಿನಲ್ಲಿ ತಬ್ಬಲಿ ಮರಿಗೆ ಬೆರಳಿನಿಂದ ಹಾಲುಣಿಸಿ ಸಾಕಿದ ಹಾಗೆ ಅವಳು ಆ ಸಿಟ್ಟನ್ನು ಸಾಕಿದಳು. ವರ್ಷಗಳು ಕಳೆದಂತೆ ಅದಕ್ಕೆ ಕೋಡು ಬಂದವು.

ಈ ಮಾಘದಲ್ಲಿ ಖೈರುನಬಿ ಒಂದು ಚೀಲ ಮೊಂಡ ಪಂಚುಗಳನ್ನು ತಂದಳು. ಅವಳು ಈಗಲೂ ಗೀತಾಂಜಲಿಯ ಬಳಿ ಕಾಗದ ಮಡಚುವವಳು. ಲಗ್ನದ ಸುಗ್ಗಿಯಲ್ಲಿ ಕೆಲಸ ನಿಂತಿದೆ, ನಾಳೆಗೇ ಬೇಕು ಎಂದಳು. ಅಕ್ಕಾವ್ರ ಕಪಾಟಿನಾಗಿದ್ದವನ್ನೆಲ್ಲ ಬಾಚಿ ತಂದೇನಿ ಅಂದು ಹೋದಳು.

ರಂಗವ್ವ ಒಂದೊಂದನ್ನೇ ಬಿಚ್ಚಿ ಅಂಟು ಕೆರೆದಳು, ಕಾಗದದ ಧೂಳು ಊದಿದಳು, ಎಣ್ಣೆ ಸವರಿದ ಕಲ್ಲಿನ ಮೇಲೆ ಅಲಗನ್ನು ತಿಕ್ಕಿದಳು. ತಳದಲ್ಲಿದ್ದ ಪಂಚಿನ ತಿರುಪುಮೊಳೆ ಬಿಚ್ಚಿದಾಗ ಒಳಗಿನಿಂದ ಒಂದು ಟಾರ್ಚಿನ ಸ್ಪ್ರಿಂಗ್ ಜಿಗಿದು ಅವಳ ಮಡಿಲಿಗೆ ಬಿತ್ತು. ಹಿಂದೊಮ್ಮೆ ಅಸಲು ಸ್ಪ್ರಿಂಗ್ ಮುರಿದಾಗ, ಗಂಡನ ಕೆಟ್ಟ ಟಾರ್ಚಿನಿಂದ ಕಿತ್ತು ತಾನೇ ಹಾಕಿದ್ದು. ಅಲಗನ್ನು ತಿರುಗಿಸಿ ನೋಡಿದಳು. ಟೋಪ ತೆನೆ.

ಅಲಗಿನ ಅಂಚಿಗೆ ಅರ ಇಟ್ಟು ಒಂದು ಸಲ ಎಳೆದರೆ ಸಾಕಿತ್ತು, ಆ ಪಂಚು ಜನ್ಮದಲ್ಲಿ ನೆಟ್ಟಗೆ ಕತ್ತರಿಸುತ್ತಿರಲಿಲ್ಲ. ಅರವನ್ನು ಎತ್ತಿಕೊಂಡಳು ಕೂಡ. ಆದರೆ ಕೈ ಅಪ್ಪನದಾಗಿತ್ತು, ಅದು ಕೇಳಲಿಲ್ಲ. ಅರ ಕೆಳಗಿಟ್ಟು, ಬೇರಾವುದಕ್ಕೂ ಮಾಡದಷ್ಟು ಅಕ್ಕರೆಯಿಂದ ಅದನ್ನು ಮಸೆದಳು. ಮೇಣ ಸವರಿ ಕಾಗದದ ಮೇಲೆ ಒತ್ತಿದರೆ ತೆನೆಯ ಹಲ್ಲು ಹಲ್ಲೂ ಬಿಡಿಯಾಗಿ ಉದುರಿತು. ಆಮೇಲೆ ಪಂಚನ್ನು ತನ್ನ ಚೀಲಕ್ಕೆ ಹಾಕಿಕೊಂಡಳು.

ಮರುದಿನ ಗೀತಾಂಜಲಿಯೇ ಬಂದಳು, ಹಿಂದೆ ಖೈರುನಬಿ. ಚೀಲ ನೋಡಿ, ಒಂದು ಕಡಿಮೆ ಇದೆ ಅಂದಳು. ಯಾವುದ್ರಿ ಎಂದು ರಂಗವ್ವ ಕೇಳಿದಳು. ಹೆಸರು ಹೇಳಿದರೆ ಅಂದಿನ ಕಳವಿನ ಮಾತು ಸುಳ್ಳಾಗುತ್ತಿತ್ತು; ಗೀತಾಂಜಲಿ ಚೀಲದೊಳಗೆ ಮತ್ತೊಮ್ಮೆ ಕೈಯಾಡಿಸಿದಳು. ಖೈರುನಬಿ ಒಮ್ಮೆ ಇವಳ ಮುಖ, ಒಮ್ಮೆ ಅವಳ ಮುಖ ನೋಡಿದಳು.

"ಕಾಗದದ ಗಂಟಿನ ಹಿಂದ ಬಿದ್ದಿತ್ತು," ಎಂದಳು ಕೊನೆಗೆ ಗೀತಾಂಜಲಿ, ದನಿ ತಗ್ಗಿಸಿ. "ಮರುವಾರನs ಸಿಕ್ತು. ಹ್ಯಾಂಗ ಹೇಳೂದು ತಿಳೀಲಿಲ್ಲ ನೋಡು. ಹೋಗ್ಲಿ ಬಿಡು, ಹಳೇ ಮಾತು. ಅದಿಲ್ಲಂದ್ರ ಈ ಸುಗ್ಗ್ಯಾಗ ನಾ ಮುಳುಗ್ತೇನಿ."

ಮರುವಾರವೇ. ಅತ್ತೆಯ ಸೊಂಟಕ್ಕೆ ಕೀಲಿ ಏರಿ ಆಗಿನ್ನೂ ವಾರವಾಗಿತ್ತು. ರಂಗವ್ವ ಸಾಣೆಕಲ್ಲನ್ನು ಒರೆಸಿ, ಮಗ್ಗುಲಿಗೆ ಸರಿಸಿ ಇಟ್ಟಳು.

"ಕದ್ದೀನಿ ಅಂತ ಹೆಸರು ಅವತ್ತs ಬಂದೈತ್ರಿ ಅಕ್ಕಾರ. ಮಾಲು ಈಗ ಬಂತು."

ಗೀತಾಂಜಲಿ ಪೊಲೀಸರ ಮಾತೆತ್ತಿದಳು. ಹೋಗ್ರಿ ಎಂದಳು ರಂಗವ್ವ, ಯಾವಾಗ ಕಳುವಾಯಿತು ಅಂತ ಕೇಳಿದರೆ ವರ್ಷಗಳ ಹಿಂದೆಯೇ ಎಂದು ಖೈರುನಬಿ ಸಾಕ್ಷಿ ಹೇಳುತ್ತಾಳೆ. ಖೈರುನಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಓಣಿಯ ಕಡೆ ತಿರುಗಿದಳು. ನಗೆಗೆ ಅವಳ ಹೆಗಲು ಕುಲುಕುತ್ತಿದ್ದವು. ಇಷ್ಟು ಸಾಕು, ಹುನಗುಂದಕ್ಕೆ ಸುದ್ದಿ ಇವತ್ತೇ ಮುಟ್ಟುತ್ತದೆ ಎಂದು ರಂಗವ್ವನಿಗೆ ಗೊತ್ತಾಯಿತು. ಗೀತಾಂಜಲಿ ಉಳಿದ ಪಂಚುಗಳನ್ನೂ ಮರೆತು ಇಳಿದು ಹೋದಳು.

ಸಂಜೆ ರಾಮಥಾಳದಲ್ಲಿ ರಂಗವ್ವ ಅತ್ತೆಯ ಮುಂದೆ ಪಂಚು ಇಟ್ಟು, "ಇದs ನೋಡ್ರಿ ಅತ್ತಿ, ನಾ ಕದ್ದದ್ದು," ಎಂದು ನಡೆದದ್ದನ್ನೆಲ್ಲ ಹೇಳಿದಳು. ದುರಗವ್ವ ಬಹಳ ಹೊತ್ತು ಅದನ್ನು ಹಿಂದೆಮುಂದೆ ಮಾಡಿ ನೋಡಿದಳು. ಆಮೇಲೆ ಎದ್ದು ಪಂಚಿಗೊಂದು ಚಿಟಿಕೆ ಭಂಡಾರ ಹಚ್ಚಿ, ಟ್ರಂಕು ತೆಗೆದು ಒಳಗಿಟ್ಟು ಕೀಲಿ ಹಾಕಿದಳು. ಆಕಿ ಬಂದು ಒಯ್ದಾಳು ಎಂದು ಗೊಣಗಿದಳು. ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಲು ಹೋದ ಕೈ ನಡುವೆಯೇ ತಡೆಯಿತು. ಅದನ್ನು ಸೊಸೆಯ ಮುಂದೆ ಹಿಡಿದಳು.

ರಂಗವ್ವ ಒಲೆಯ ಕಡೆ ತಿರುಗಿ ರೊಟ್ಟಿಯ ಹಿಟ್ಟು ನಾದತೊಡಗಿದಳು.

"ನಿಮ್ಮ ಸೊಂಟದಾಗs ಇರಲಿ ಬಿಡ್ರಿ ಅತ್ತಿ. ಮನ್ಯಾಗ ಕಳ್ಳಿ ಅದಾಳ."