ಮಗ್ಗದ ದನಿಯ ಮೇಷ್ಟ್ರು

ಮರಿಸ್ವಾಮಿ ಮೇಷ್ಟ್ರು ಗುಟ್ಟು ಹೇಳಿದರೆ ಮೂರನೇ ಮನೆಗೆ ಕೇಳುತ್ತಿತ್ತು. ತಪ್ಪು ಅವರದಲ್ಲ. ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ಹುಟ್ಟಿದವರೆಲ್ಲ ಹೆಚ್ಚುಕಡಿಮೆ ಹೀಗೆಯೇ. ನಡುಮನೆಯಲ್ಲಿ ಪವರ್‌ಲೂಮ್ ಲಟಪಟ ಬಡಿಯುತ್ತಿದ್ದರೆ ಉಪ್ಪು ಕೇಳುವುದಕ್ಕೂ ಕೂಗಬೇಕು, ಮಗುವನ್ನು ಮುದ್ದು ಮಾಡುವುದಕ್ಕೂ ಕೂಗಬೇಕು. ನಮ್ಮ ಮನೆಯಲ್ಲೂ ನಾಲ್ಕು ಮಗ್ಗಗಳಿದ್ದುದರಿಂದ ನನಗದು ವಿಶೇಷ ಅನಿಸಲಿಲ್ಲ. ಘಾಟಿ ಕಡೆಯ ಹಳ್ಳಿಗಳಿಂದ ಬಸ್ಸಿನಲ್ಲಿ ಕಾಲೇಜಿಗೆ ಬರುತ್ತಿದ್ದ ಹುಡುಗಿಯರು ಮಾತ್ರ ಮೊದಲ ವಾರವೆಲ್ಲ ಮೇಷ್ಟ್ರು ಬೈಯುತ್ತಿದ್ದಾರೆ ಎಂದುಕೊಂಡು ತಲೆ ತಗ್ಗಿಸಿ ಕೂತಿದ್ದರು.

ಅವರು ನಮ್ಮ ಕಾಲೇಜಿನಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕರು. ಕೂದಲು ನೆರೆಯುವವರೆಗೂ ಅತಿಥಿಯೇ. ಪ್ರತಿ ವರ್ಷ ಕಾಲೇಜು ಶುರುವಾಗುವಾಗ ಆಡಳಿತ ಮಂಡಳಿಯವರು ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಇಷ್ಟು ವರ್ಷ ಯಾರದಾದರೂ ಮನೆಯಲ್ಲಿ ಅತಿಥಿಯಾಗಿದ್ದಿದ್ದರೆ ಅಳಿಯನನ್ನಾದರೂ ಮಾಡಿಕೊಂಡುಬಿಡುತ್ತಿದ್ದರು ಎಂದು ತಾವೇ ಹೇಳಿಕೊಂಡು ನಗುತ್ತಿದ್ದರು. ನನಗೆ ಆ ನಗು ಹಿಡಿಸುತ್ತಿರಲಿಲ್ಲ. ಅಷ್ಟು ಚೆನ್ನಾಗಿ ಪಾಠ ಮಾಡುವ ಮನುಷ್ಯ ವರ್ಷವರ್ಷವೂ ಬಾಗಿಲಲ್ಲಿ ನಿಂತು ಕಾಯುವುದರಲ್ಲಿ ನಗುವಂಥದ್ದು ಏನೂ ಇರಲಿಲ್ಲ.

ರಾಜರನ್ನೂ ಯುದ್ಧಗಳನ್ನೂ ಅವರು ಒಂದೇ ವಾರದಲ್ಲಿ ಮುಗಿಸಿಬಿಡುತ್ತಿದ್ದರು. ಅದೆಲ್ಲ ಟೀವಿಯಲ್ಲಿ ಬರುತ್ತದೆ, ನೋಡಿಕೊಳ್ಳಿ ಎನ್ನುತ್ತಿದ್ದರು. ಬಟ್ಟೆ, ಉಪ್ಪು, ರೈಲು ಇವುಗಳಿಗೆ ಬಂದರೆ ಮಾತ್ರ ಗಂಟೆ ಹೊಡೆದರೂ ಬಿಡುತ್ತಿರಲಿಲ್ಲ. ಅವರ ಒಂದು ಪಾಠ ಇವತ್ತಿಗೂ ನನ್ನ ಕಿವಿಯಲ್ಲಿದೆ.

"ನಮ್ಮ ನೇಯ್ಗೆಯೋರ ಬಟ್ಟೆ ಚೂರು ತಗೊಂಡ್ಹೋಗಿ, ಇಂಗ್ಲೆಂಡಿನ ಮಿಲ್ಲಲ್ಲಿ ಅದೇ ಥರ ಮಾಡಿ, ಹಡಗಲ್ಲಿ ತಂದು ನಮಗೇ ಮಾರಿದ್ರು. ಅವರು ಕೆಟ್ಟೋರು ಅಂತ ಬರ್ದು ನೀವು ಮಾರ್ಕ್ಸ್ ತಗೋತೀರಿ. ಸರಿ. ಆದ್ರೆ ಇಲ್ಲಿ ಅಂಗಡಿ ಇಟ್ಕೊಂಡು ಅದನ್ನ ಮಾರಿದೋರು ಯಾರು? ಅದನ್ನ ಯಾರೂ ಕೇಳಲ್ಲ. ನೀವು ಕೇಳ್ರಿ."

ಬಿ.ಎ. ಮುಗಿಯುವ ಹೊತ್ತಿಗೆ ಅವರು ನನಗೆ ಒಂದು ಹುಚ್ಚು ಹಿಡಿಸಿದ್ದರು. ದೆಹಲಿಯಲ್ಲಿ ಆರ್ಥಿಕ ಇತಿಹಾಸ ಮತ್ತು ಅಂತರರಾಷ್ಟ್ರೀಯ ಸಂಬಂಧಗಳನ್ನು ಒಟ್ಟಿಗೆ ಕಲಿಸುವ ಎಂ.ಎ. ಒಂದಿತ್ತು. ಹಿಂದಿನ ಕಾಲದ ವ್ಯಾಪಾರ, ಈಗಿನ ದೇಶದೇಶಗಳ ಜಗಳ ಎರಡೂ ಒಂದೇ ಕಥೆ, ಅದಕ್ಕೇ ಒಟ್ಟಿಗೆ ಓದಬೇಕು ಎನ್ನುವುದು ಅವರ ವಾದ. ಅಪ್ಪನನ್ನು ಒಪ್ಪಿಸಲು ಮನೆಗೇ ಬಂದರು. ಅವತ್ತು ನಮ್ಮ ನಾಲ್ಕು ಮಗ್ಗಗಳಲ್ಲಿ ಎರಡು ಕೆಲಸವಿಲ್ಲದೆ ನಿಂತಿದ್ದವು. ಅಪ್ಪ ಉಳಿದೆರಡನ್ನೂ ನಿಲ್ಲಿಸಿ, ಅದನ್ನು ಓದಿದರೆ ಏನು ಕೆಲಸ ಸಿಗುತ್ತದೆ ಎಂದು ನೇರವಾಗಿ ಕೇಳಿದರು.

"ಏನೂ ಸಿಗಲ್ಲ ಯಜಮಾನ್ರೇ," ಎಂದರು ಮೇಷ್ಟ್ರು. ಮಗ್ಗ ನಿಂತಿದ್ದರೂ ಕೂಗಿಯೇ ಹೇಳಿದರು. "ಆದ್ರೆ ನಿಮ್ಮ ಎರಡು ಮಗ್ಗ ಯಾಕೆ ನಿಂತೋಯ್ತು ಅಂತ ಗೊತ್ತಾಗುತ್ತೆ."

ಅಪ್ಪ ಕೆಲಸವಿಲ್ಲದ ಆ ಎರಡು ಮಗ್ಗಗಳ ಕಡೆ ನೋಡಿ, ಗಾಯತ್ರಿ ಓದಲಿ ಬಿಡಿ ಎಂದರು. ಕೆಲಸದ ವಿಷಯದಲ್ಲಿ ಮೇಷ್ಟ್ರ ಮಾತು ಅಕ್ಷರಶಃ ನಿಜವಾಯಿತು. ಈಗ ನಾನು ಬೆಂಗಳೂರಿನ ಒಂದು ಕೋಚಿಂಗ್ ಸೆಂಟರಿನಲ್ಲಿ ಪರೀಕ್ಷೆ ಬರೆಯುವವರಿಗೆ ಇಸವಿಗಳನ್ನು ಬಾಯಿಪಾಠ ಮಾಡಿಸುತ್ತೇನೆ. ಆದರೆ ದೆಹಲಿಯ ಆ ಎರಡು ವರ್ಷ ಬದುಕಿದಷ್ಟು ಚೆನ್ನಾಗಿ ನಾನು ಮತ್ತೆ ಯಾವಾಗಲೂ ಬದುಕಿಲ್ಲ. ನಮ್ಮೂರಿನ ಸೀರೆ ವ್ಯಾಪಾರದ ಮೇಲೆಯೇ ಪ್ರಬಂಧ ಬರೆದೆ. ಮೇಷ್ಟ್ರು ಫೋನ್ ಮಾಡಿ ನೂಲಿನ ಬಗ್ಗೆ, ಚೀನಾದ ರೇಷ್ಮೆಯ ಬಗ್ಗೆ ವಿಚಾರಿಸುತ್ತಿದ್ದರು. ಸ್ಪೀಕರ್ ಹಾಕದೆಯೇ ಹಾಸ್ಟೆಲಿನ ಇಡೀ ಕೋಣೆಗೆ ಕನ್ನಡ ಕೇಳುತ್ತಿತ್ತು.

ನಾನು ಓದು ಮುಗಿಸಿ ಬಂದ ವರ್ಷವೇ ಊರಿನಲ್ಲಿ ಗಲಾಟೆ ಎದ್ದಿತ್ತು. ನಮ್ಮವರು ಕಷ್ಟಪಟ್ಟು ಮಾಡಿದ ಡಿಸೈನುಗಳನ್ನು ದೂರದ ದೊಡ್ಡ ಮಿಲ್ಲುಗಳು ಕದ್ದು, ಅರ್ಧ ಬೆಲೆಗೆ ಸೀರೆ ಮಾಡಿ ಕಳಿಸುತ್ತಿದ್ದವು. ಪ್ರತಿಭಟನಾ ಸಭೆ ಕರೆದ ಮುಖಂಡರಿಗೆ ದೊಡ್ಡ ಸೀರೆ ಅಂಗಡಿಯಿತ್ತು, ನಮ್ಮ ಕಾಲೇಜಿನ ಆಡಳಿತ ಮಂಡಳಿಯಲ್ಲೂ ಅವರದೇ ಮಾತು ನಡೆಯುತ್ತಿತ್ತು. ಊರೆಲ್ಲ ಅವರನ್ನು ಅಧ್ಯಕ್ಷರೆಂದೇ ಕರೆಯುತ್ತಿತ್ತು. ಹೊರಗಿನವರನ್ನು ಚೆನ್ನಾಗಿ ಬೈಯಲಿ ಎಂದು ಅವರು ಇತಿಹಾಸದ ಮೇಷ್ಟ್ರನ್ನೇ ಭಾಷಣಕ್ಕೆ ಕರೆದರು. ಇತಿಹಾಸ ಗೊತ್ತಿಲ್ಲದವರು ಮಾತ್ರ ಮಾಡಬಹುದಾದ ತಪ್ಪು ಅದು.

ಮೇಷ್ಟ್ರು ಹೊರಗಿನವರನ್ನು ಬೈದರು. ಚಪ್ಪಾಳೆ ಬಿತ್ತು. ಅಲ್ಲಿಗೇ ಕೂರಬಹುದಿತ್ತು. ಕೂರಲಿಲ್ಲ.

"ಆ ಸೀರೆಗಳು ತಾವಾಗೇ ನಡ್ಕೊಂಡು ನಮ್ಮೂರಿಗೆ ಬರಲ್ಲ ಕಣ್ರಪ್ಪಾ. ಇಲ್ಲಿನ ಅಂಗಡಿಗಳಲ್ಲಿ ನಮ್ಮೂರಿನ ಸೀರೆ ಅಂತ್ಲೇ ಮಾರ್ತಾವ್ರೆ. ಮೊದ್ಲು ಅಲ್ಲಿಗೆ ಹೋಗಿ ಕೇಳೋಣ."

ಅವರು ಯಾರ ಹೆಸರನ್ನೂ ಹೇಳಲಿಲ್ಲ. ಆದರೆ ಸಭೆಯಲ್ಲಿದ್ದವರೆಲ್ಲ ವೇದಿಕೆಯ ನಡುವೆ ಅಧ್ಯಕ್ಷರು ಕೂತಿದ್ದ ಕುರ್ಚಿಯನ್ನೇ ನೋಡಿದರು. ಅಂಥ ಸೀರೆ ಅವರ ಅಂಗಡಿಯಲ್ಲಿ ಮೂಟೆಗಟ್ಟಲೆ ಇಳಿಯುವುದು ಯಾರಿಗೂ ಗೊತ್ತಿಲ್ಲದ ಸಂಗತಿಯಾಗಿರಲಿಲ್ಲ. ಗೊತ್ತಿದ್ದೂ ಎಲ್ಲರೂ ಸುಮ್ಮನಿದ್ದರು, ಅಷ್ಟೇ. ಅವತ್ತು ಚಪ್ಪಾಳೆ ತಟ್ಟಿದ್ದ ಕೈಗಳಲ್ಲಿ ಒಂದೂ ಆಮೇಲೆ ಮೇಷ್ಟ್ರ ಪರವಾಗಿ ಮೇಲೇಳಲಿಲ್ಲ.

ಮುಂದಿನ ವರ್ಷ ಕಾಲೇಜು ಮೇಷ್ಟ್ರನ್ನು ಕರೆಯಲಿಲ್ಲ. ಇತಿಹಾಸಕ್ಕೆ ಮಕ್ಕಳು ಬರುತ್ತಿಲ್ಲ ಎಂದು ಕಾರಣ ಕೊಟ್ಟರು. ಬೇರೆ ಕಾಲೇಜುಗಳಲ್ಲಿ ಕೇಳಿದರೆ ವಯಸ್ಸಾಯಿತು ಎಂದರು. ಮೇಷ್ಟ್ರ ಮಗಳ ಓದು ಇನ್ನೂ ಮುಗಿದಿರಲಿಲ್ಲ, ಮನೆ ನಡೆಯಬೇಕಿತ್ತು. ಕೊನೆಗೆ ಅಧ್ಯಕ್ಷರೇ ದೊಡ್ಡ ಮನಸ್ಸು ಮಾಡಿ ಅವರನ್ನು ತಮ್ಮ ಅಂಗಡಿಗೆ ಕರೆದುಕೊಂಡರು. ಊರು ಅಧ್ಯಕ್ಷರನ್ನು ಹೊಗಳಿತು. ನನಗೆ ಮೈಯೆಲ್ಲ ಉರಿಯಿತು, ಈಗಲೂ ಉರಿಯುತ್ತದೆ. ಒಬ್ಬ ಮನುಷ್ಯನನ್ನು ಹೊಡೆದು ಹಾಕುವುದು ಬೇರೆ, ಅವನ ಕೈಯಿಂದಲೇ ತನ್ನ ಅಂಗಡಿಯ ಸೀರೆ ಮಡಿಸುವಂತೆ ಮಾಡುವುದು ಬೇರೆ.

ಅವರನ್ನು ನಾನು ಕೊನೆಯ ಸಲ ನೋಡಿದ್ದು ಅದೇ ಅಂಗಡಿಯಲ್ಲಿ. ಮಾತಾಡಿಸಿಕೊಂಡು ಹೋಗೋಣವೆಂದು ಒಳಗೆ ಹೋದೆ. ಬಿಳಿ ಹಾಸಿನ ಮೇಲೆ ಮಂಡಿಯೂರಿ ಕೂತು, ಬೆಂಗಳೂರಿನಿಂದ ಬಂದ ಒಬ್ಬ ತಾಯಿ ಮಗಳಿಗೆ ಮದುವೆಯ ಸೀರೆ ತೋರಿಸುತ್ತಿದ್ದರು. ನನ್ನನ್ನು ಕಂಡು, ಕೂತ್ಕೊಳಮ್ಮ ಗಾಯತ್ರಿ, ಬಂದೆ ಎಂದರು. ಹಾಸಿನ ಮೇಲೆ ಬಿಚ್ಚಿದ್ದ ಸೀರೆಯನ್ನು ಮುಟ್ಟಿದೆ. ನಮ್ಮಲ್ಲಿ ನೇಯ್ದದ್ದಲ್ಲ. ಮಗ್ಗದ ಮನೆಯವರಿಗೆ ಅದು ಬೆರಳಿಗೇ ಗೊತ್ತಾಗುತ್ತದೆ.

ಇದು ನಿಜವಾಗಿ ಇಲ್ಲಿನದೇನಾ ಎಂದು ಆ ತಾಯಿ ಕೇಳಿದರು. ಮೇಷ್ಟ್ರು ಉತ್ತರ ಕೊಡುವ ಮೊದಲೇ ಅಧ್ಯಕ್ಷರು ಗಲ್ಲಾದ ಹಿಂದಿನಿಂದ ನನ್ನತ್ತ ಕೈ ತೋರಿಸಿದರು.

"ಈ ಹುಡುಗೀನೇ ಕೇಳಿ ಮೇಡಂ. ನಮ್ಮೂರ ಸೀರೆ ಮೇಲೇನೇ ದೆಹಲೀಲಿ ಎಂ.ಎ. ಮಾಡ್ಕೊಂಡ್ ಬಂದವ್ಳೆ."

ಆ ತಾಯಿ ನನ್ನ ಕಡೆ ತಿರುಗಿದರು. ಅಲ್ಲ ಎಂದರೆ ಮೇಷ್ಟ್ರ ಕೆಲಸ ಅವತ್ತೇ ಹೋಗುತ್ತಿತ್ತು. ಹೌದು ಎಂದರೆ ಅವರು ಕಲಿಸಿದ್ದನ್ನೆಲ್ಲ ಅವರ ಮುಂದೆಯೇ ಮಾರಿದಂತಾಗುತ್ತಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ಸೀರೆಯ ಸೆರಗನ್ನು ಆ ತಾಯಿಯ ಮಡಿಲಿಗೆ ಸರಿಸಿದರು.

"ಅವಳನ್ನ ಯಾಕೆ ಕೇಳ್ತೀರಿ ತಾಯಿ, ಅದು ಅವಳ ಕೆಲ್ಸ ಅಲ್ಲ," ಎಂದರು. "ನಾನ್ ಹೇಳ್ತೀನಿ. ಇಲ್ಲೇ ನೇಯ್ದಿದ್ದು."

ಹೇಳಿ, ನನ್ನ ಕಡೆ ನೋಡದೆ, ಇನ್ನೊಂದು ಸೀರೆ ಬಿಚ್ಚಿದರು.