ಬಾಣಂತಿ ನೀರಿಗೆ ಸೌದೆ

ಕಳೆದ ತಿಂಗಳು ಬಾಶೆಟ್ಟಿಹಳ್ಳಿಯಲ್ಲಿ ಕೆಲಸ ಮುಗಿಸಿ ಕಂಪನಿ ಬಸ್ಸಿನಲ್ಲಿ ಮನೆಗೆ ಬರುತ್ತಿದ್ದೆ. ತೂಬಗೆರೆ ದಾರಿಯಲ್ಲಿ ಒಂದು ನೀಲಗಿರಿ ತೋಪು ಸವರಿ ಲೇಔಟ್ ಮಾಡುತ್ತಿದ್ದಾರೆ. ಮರಗಳು ಎಂದೋ ಲಾರಿ ಹತ್ತಿದ್ದವು. ಅಂದು ಜೆಸಿಬಿ ನೆಲದಲ್ಲಿ ಉಳಿದ ಬೊಡ್ಡೆಗಳನ್ನು ಬೇರುಸಮೇತ ಕಿತ್ತು ಪಕ್ಕಕ್ಕೆ ಎಸೆಯುತ್ತಿತ್ತು. ಅದರಲ್ಲೊಂದು ಯಂತ್ರದ ಹಲ್ಲಿಗೆ ಸಿಕ್ಕಿ ನಡುವೆ ಸೀಳಿಹೋಗಿತ್ತು. ಬಸ್ಸು ನಿಧಾನವಾದಾಗ ಕಿಟಕಿಯಿಂದ ವಾಸನೆ ಒಳಗೆ ಬಂತು... ಹಸಿ ನೀಲಗಿರಿಯದು. ಮೂಗಿಗೆ ಮೊದಲು ಖಾರ, ಹಿಂದೆಯೇ ಒಂದು ಬಗೆಯ ಸಿಹಿ, ಜೊತೆಗೆ ಕೆಮ್ಮಣ್ಣು. ಪಕ್ಕದ ಸೀಟಿನವಳು ಏನೋ ಕೇಳಿದಳು. ನಾನು ಕಿಟಕಿಯತ್ತ ಇನ್ನಷ್ಟು ಬಾಗಿದೆ. ನಮ್ಮ ಅತ್ತೆಯ ಸೀರೆಯಲ್ಲಿ ಇದೇ ವಾಸನೆ ಇರುತ್ತಿತ್ತು.

ನಾನು ದೊಡ್ಡಬಳ್ಳಾಪುರದ ಮಗ್ಗದ ಮನೆಯ ಹುಡುಗಿ. ತವರಿನಲ್ಲಿ ಅಡುಗೆಗೆ ಗ್ಯಾಸಿತ್ತು, ಸ್ನಾನದ ನೀರಿಗೆ ಮರದ ಹೊಟ್ಟು ತುಂಬುವ ಒಲೆಯಿತ್ತು. ಸೌದೆ ಒಡೆಯುವುದನ್ನು ನಾನು ಹತ್ತಿರದಿಂದ ನೋಡಿದವಳೇ ಅಲ್ಲ. ಮದುವೆಯಾಗಿ ಈ ಹಳ್ಳಿಗೆ ಬಂದ ಮರುದಿನ ಬೆಳಿಗ್ಗೆ ಹಿತ್ತಲಿನಿಂದ ಸದ್ದು ಬಂತು. ಒಂದು ಹೊಡೆತ, ಸ್ವಲ್ಪ ಹೊತ್ತು ಸುಮ್ಮನೆ, ಮತ್ತೊಂದು ಹೊಡೆತ. ಆಳು ಬಂದಿರಬೇಕು ಎಂದುಕೊಂಡು ಒಂದು ಲೋಟ ಕಾಫಿ ಹಿಡಿದು ಹೋದೆ. ನೋಡಿದರೆ ಅತ್ತೆ! ಸೆರಗನ್ನು ಸೊಂಟಕ್ಕೆ ಬಿಗಿದು, ಬರಿಗಾಲಲ್ಲಿ ನಿಂತು, ತಲೆಯ ಮೇಲಿಂದ ಕೊಡಲಿ ಇಳಿಸುತ್ತಿದ್ದರು. ಐವತ್ತು ದಾಟಿದ, ಸಣಕಲು ಮೈಯ ಹೆಂಗಸು.

"ಯಾರಿಗವ್ವ ಕಾಫಿ?" ಎಂದರು.

"ನಿಮಗೇ" ಎಂದೆ. ಅವರಿಗೆ ನಾನು ಹೇಳಿದ ಮೊದಲ ಸುಳ್ಳು ಅದು.

ನನ್ನ ಗಂಡನಿಗೆ ನಾಲ್ಕು ವರ್ಷವಿದ್ದಾಗ ಮಾವ ಜ್ವರದಲ್ಲಿ ಹೋಗಿಬಿಟ್ಟಿದ್ದರಂತೆ. ಆಗ ಊರಿನಲ್ಲಿ ಹೆಂಗಸರು ಪುಳ್ಳೆ ಆರಿಸಿ ತರುತ್ತಿದ್ದರೇ ಹೊರತು ಕೊಡಲಿ ಎತ್ತಿ ಬೊಡ್ಡೆ ಒಡೆಯುತ್ತಿರಲಿಲ್ಲ. ಆ ಕಥೆಯನ್ನು ಅತ್ತೆ ನನಗೆ ಒಂದೇ ಒಂದು ಸಲ ಹೇಳಿದರು, ಅದೂ ಅವರೆಕಾಯಿ ಬಿಡಿಸುತ್ತಾ, ಬೇರೆ ಯಾರದ್ದೋ ಸುದ್ದಿಯೆಂಬಂತೆ. "ಮೈದುನನ್ನ ಕೇಳ್ದೆ, ಒಂದಿಷ್ಟು ಒಡ್ಕೊಡಪ್ಪ ಅಂತ. ನಾಳೆ ಅಂದ. ಎರಡು ದಿನ ಕಾದೆ ಕಣವ್ವ. ಮೂರನೇ ದಿನ ಒಲೆ ಹಚ್ಚೋಕೂ ಸೌದೆ ಇರ್ಲಿಲ್ಲ. ನಾನೇ ಎತ್ತಿದೆ."

ಅಲ್ಲಿಂದಾಚೆಗೆ ಅವರು ಯಾರನ್ನೂ ಕೇಳಲಿಲ್ಲ. ಮೊದಲು ಮನೆಗೆ ಒಡೆದರು. ಆಮೇಲೆ ಬಸ್ ಸ್ಟಾಪಿನ ಟೀ ಅಂಗಡಿಗೆ, ತಿಥಿಯ ಮನೆಗಳಿಗೆ, ಬಾಣಂತಿಯರಿದ್ದ ಮನೆಗಳಿಗೆ. ಗಂಡುಬೀರಿ ಎಂದು ಆಡಿಕೊಂಡವರ ಮನೆಗೂ ಹೋಗಿ ಒಡೆದುಕೊಟ್ಟು ಬಂದರು. ಮಗನನ್ನು ಓದಿಸಿ, ಡ್ರೈವಿಂಗ್ ಕಲಿಸಿ, ತರಕಾರಿ ಸಾಗಿಸುವ ಟೆಂಪೊ ಕೊಡಿಸಿದ್ದು ಆ ತೋಳುಗಳೇ.

ನನಗೆ ಕಲಿಸಿದ್ದೂ ಅವರೇ. ನಾನು ಹೊಡೆದರೆ ಕೊಡಲಿ ಬೊಡ್ಡೆಯಲ್ಲಿ ಕಚ್ಚಿಕೊಂಡು ಕೂರುತ್ತಿತ್ತು. ಜಗ್ಗಿ ಜಗ್ಗಿ ಸಾಕಾಗಿ ಕಣ್ಣಲ್ಲಿ ನೀರು ಬರುತ್ತಿತ್ತು. ಅವರು ಬಯ್ಯಲಿಲ್ಲ, ನಗಲೂ ಇಲ್ಲ. "ಎತ್ತೋಕೆ ಮಾತ್ರ ನಿನ್ನ ಶಕ್ತಿ. ಇಳಿಯೋಕೆ ಅದರ ತೂಕವೇ ಸಾಕು" ಎಂದರು. ಬೊಡ್ಡೆಯನ್ನು ನಡುವಿಗೆ ಹೊಡೆಯಬಾರದು, ಅಂಚಿನಿಂದ ಚಕ್ಕೆ ಚಕ್ಕೆಯಾಗಿ ಬಿಡಿಸುತ್ತಾ ಬರಬೇಕು. ನೀಲಗಿರಿಯನ್ನು ಹಸಿಯಿದ್ದಾಗಲೇ ಒಡೆಯಬೇಕು, ಒಣಗಿದರೆ ಅದು ಕಲ್ಲು. ಗಂಟು ಸಿಕ್ಕರೆ ಜಗಳಕ್ಕೆ ನಿಲ್ಲದೆ ಪಕ್ಕದ ಬಿರುಕಿಗೆ ಕಬ್ಬಿಣದ ಬೆಣೆ ಇಟ್ಟು ಸುತ್ತಿಗೆಯಲ್ಲಿ ಬಡಿಯಬೇಕು. ಅವರು ಒಂದೊಂದು ಹೊಡೆತಕ್ಕೂ ಮುಂಚೆ ಬೊಡ್ಡೆಯ ಮುಖವನ್ನು ಅಂಗೈಯಿಂದ ಸವರಿ ನೋಡುತ್ತಿದ್ದರು, ಮಗುವಿಗೆ ಜ್ವರ ಇದೆಯೇ ಎಂದು ಹಣೆ ಮುಟ್ಟುವ ಹಾಗೆ... ಆರು ತಿಂಗಳ ಮೇಲೆ ನಾನು ಒಂದು ಇಡೀ ಬೊಡ್ಡೆಯನ್ನು ಒಬ್ಬಳೇ ಮುಗಿಸಿದೆ. ಅಂದು ಊಟದಲ್ಲಿ ನನ್ನ ತಟ್ಟೆಗೆ ಕೇಳದೆಯೇ ಇನ್ನೊಂದು ಮುದ್ದೆ ಬಿತ್ತು.

ನಾನು ಬಸುರಿಯಾದ ವರ್ಷವೇ ನನ್ನ ತಾಯಿ ತೀರಿಕೊಂಡರು. ತವರಿನಲ್ಲಿ ಬಾಣಂತನ ಮಾಡುವವರು ಯಾರೂ ಉಳಿಯಲಿಲ್ಲ. ತಿಥಿ ಮುಗಿಸಿ ವಾಪಸು ಬಂದ ದಿನ ಅತ್ತೆ ನನ್ನನ್ನು ತಬ್ಬಿಕೊಳ್ಳಲಿಲ್ಲ, ಸಮಾಧಾನದ ಮಾತೂ ಆಡಲಿಲ್ಲ. ಮಗನಿಗೆ ಹೇಳಿ ಒಂದು ಟೆಂಪೊ ತುಂಬ ಬೊಡ್ಡೆ ತರಿಸಿದರು. ನನ್ನ ಕೈಯಿಂದ ಕೊಡಲಿ ಇಸಿದುಕೊಂಡು, "ಇನ್ನು ನೀನು ಮುಟ್ಟಬ್ಯಾಡ" ಎಂದರು. ದಿನಾ ಬೆಳಿಗ್ಗೆ ಒಡೆದರು. ನನ್ನ ಹೊಟ್ಟೆ ಬೆಳೆದಂತೆ ಹಿತ್ತಲ ಗೋಡೆಗೆ ಒಟ್ಟಿದ ಸೌದೆಯೂ ಬೆಳೆಯಿತು, ಕೊನೆಗೆ ಕಿಟಕಿ ಮುಚ್ಚಿಹೋಯಿತು.

ಮಗಳು ಹುಟ್ಟಿದ್ದು ಜಡಿಮಳೆಯ ಕಾಲದಲ್ಲಿ. ಊರಿನಲ್ಲಿ ಯಾರ ಮನೆಯ ಸೌದೆಯೂ ಹತ್ತುತ್ತಿರಲಿಲ್ಲ. ನಮ್ಮ ಹಂಡೆ ಮಾತ್ರ ಮೂರು ತಿಂಗಳು ಒಂದು ದಿನವೂ ತಣ್ಣಗಾಗಲಿಲ್ಲ. ನನ್ನನ್ನು ಬಚ್ಚಲಲ್ಲಿ ಕೂರಿಸಿ, ಬೆನ್ನಿಗೆ ಕುದಿಯುವಂಥ ನೀರು ಎರಚಿ, "ತಡ್ಕೊ ಕಣವ್ವ, ಇದೊಂದು ತಂಬಿಗೆ" ಎಂದು ಹತ್ತು ತಂಬಿಗೆ ಹೊಯ್ಯುತ್ತಿದ್ದರು. ಆ ನೀರಿನಡಿ ಕೂತು ನಾನು ಅಮ್ಮನಿಗಾಗಿ ಅಳುತ್ತಿದ್ದೆ. ಅವರಿಗೆ ಗೊತ್ತಾಗುತ್ತಿತ್ತು. ಅತ್ತಷ್ಟು ಹೊತ್ತೂ ನೀರು ಹೊಯ್ಯುತ್ತಿದ್ದರು.

ಮಗಳಿಗೆ ಎರಡು ತುಂಬಿದ ಮೇಲೆ ನಾನು ಗಾರ್ಮೆಂಟ್ಸ್ ಸೇರಿದೆ. ಮಗುವನ್ನು ಅತ್ತೆ ನೋಡಿಕೊಂಡರು. ಅಷ್ಟರಲ್ಲಿ ಮನೆಗೆ ಗ್ಯಾಸ್ ಬಂದಿತ್ತು, ಗೀಸರೂ ಬಂತು. ಅತ್ತೆ ಮಾತ್ರ ಹಂಡೆ ಬಿಡಲಿಲ್ಲ, ದಿನಕ್ಕೆ ನಾಲ್ಕು ಸೌದೆಯನ್ನಾದರೂ ಒಡೆಯುತ್ತಿದ್ದರು.

ಅತ್ತೆಗೆ ಮರೆವು ಯಾವಾಗ ಶುರುವಾಯಿತೋ ನನಗೆ ತಿಳಿಯದು. ಸೌದೆಯನ್ನು ತೀರಾ ಸಣ್ಣಗೆ, ಬೆರಳಿನಷ್ಟು ಸಪೂರವಾಗಿ ಸೀಳಿ ಗುಡ್ಡೆ ಹಾಕುತ್ತಿದ್ದರು. ಹೊತ್ತು ಹೋಗದೆ ಹಾಗೆ ಮಾಡುತ್ತಾರೆ ಎಂದುಕೊಂಡೆ. ಆಮೇಲೊಂದು ದಿನ ಊಟದ ಮಣೆ ಕಾಣಲಿಲ್ಲ, ಒಲೆಯ ಮುಂದೆ ಅದರ ಚೂರುಗಳಿದ್ದವು. ಇನ್ನೊಂದು ದಿನ ಏಣಿ ಹೋಯಿತು. ಮತ್ತೊಂದು ದಿನ ಕೊಟ್ಟಿಗೆಯ ಬಾಗಿಲು. ಯಾಕೆ ಅತ್ತೆ ಎಂದು ಕೇಳಿದರೆ ನನ್ನನ್ನೇ ಗದರಿದರು. "ಬಾಣಂತಿ ಇರೋ ಮನೆ. ಸೌದೆ ಇಲ್ದಿದ್ರೆ ಆಯ್ತದಾ? ಮಗೀಗೆ ನೀರು ಕಾಯಿಸ್ಬೇಕು."

ಆಗ ನನಗೆ ಅರ್ಥವಾಯಿತು. ಅವರಿಗೆ ಎಲ್ಲವೂ ಒಂದೇ ಸಲ ಮರೆತಿರಲಿಲ್ಲ. ಅವರು ಆ ಮೂರು ತಿಂಗಳಲ್ಲಿ ನಿಂತುಬಿಟ್ಟಿದ್ದರು. ಅಲ್ಲಿ ಮಳೆ ಸುರಿಯುತ್ತಿತ್ತು, ಒಳಗೆ ನಾನು ಮಲಗಿದ್ದೆ, ತೊಟ್ಟಿಲಲ್ಲಿ ಮಗುವಿತ್ತು, ಸೌದೆ ಮುಗಿಯುತ್ತಿತ್ತು... ಡಾಕ್ಟರಿಗೆ ತೋರಿಸಿದೆವು. ಮಾತ್ರೆ ಕೊಟ್ಟರು. ವಯಸ್ಸಾಯಿತಲ್ಲ ಎಂದರು.

ಮಗಳಿಗೆ ಆರು ವರ್ಷ. ಒಂದು ಸಂಜೆ ಕೆಲಸದಿಂದ ಬಂದು ಗೇಟು ತೆಗೆದೆ. ಹಿತ್ತಲಲ್ಲಿ ಅತ್ತೆ ಕೊಡಲಿ ಎತ್ತಿದ್ದರು. ಮಗಳು ಅವರ ಎದುರು ಕುಕ್ಕರಗಾಲಲ್ಲಿ ಕೂತು, ಬಗ್ಗಿ ಚಕ್ಕೆ ಆರಿಸುತ್ತಿದ್ದಳು. ಕೊಡಲಿ ಇಳಿಯಿತು. ಅವಳ ಜಡೆಗೂ ಅದಕ್ಕೂ ಒಂದು ಗೇಣು ಅಂತರ. ನಾನು ಹೇಗೆ ಕಿರುಚಿದೆನೋ ಏನೋ, ಎದುರು ಮನೆಯವರು ಓಡಿ ಬಂದರು. ಅತ್ತೆ ಬೆದರಿ ನನ್ನತ್ತ ನೋಡಿದರು. ಯಾರೆಂದು ಅವರಿಗೆ ಗುರುತು ಸಿಗಲಿಲ್ಲ. "ಕೂಗ್ಬ್ಯಾಡ ಕಣವ್ವ," ಎಂದು ಪಿಸುಗುಟ್ಟಿದರು, "ಒಳಗೆ ಮಗು ಮಲಗೈತೆ."

ಮರುದಿನ ನಾನು ಕೊಡಲಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು, ಶಿಫ್ಟಿಗೆ ಮುಂಚೆ ದೊಡ್ಡಬಳ್ಳಾಪುರದಲ್ಲಿಳಿದು ಗುಜರಿ ಅಂಗಡಿಗೆ ಹಾಕಿಬಂದೆ. ಅಟ್ಟದ ಮೇಲೆ ಬಚ್ಚಿಡಬಹುದಿತ್ತು. ಆದರೆ ಅವರು ಹುಡುಕಿ ತೆಗೆಯುತ್ತಾರೆ ಎಂಬ ಹೆದರಿಕೆ. ಅಂಗಡಿಯವನು ಹಿಡಿ ಸವರಿ ನೋಡಿ, "ಒಳ್ಳೆ ಮಾಲು, ಯಾಕಮ್ಮ ಹಾಕ್ತೀರಾ?" ಎಂದ. ನಾನು ತಿರುಗಿ ನೋಡದೆ ಬಂದುಬಿಟ್ಟೆ.

ಸಂಜೆ ಅತ್ತೆ ಕೇಳಿದರು. "ಕೊಡಲಿ ಎಲ್ಲವ್ವ?"

"ಕುಲುಮೆಗೆ ಕೊಟ್ಟಿದೀನಿ ಅತ್ತೆ, ತಟ್ಟಿಸೋಕೆ. ನಾಳೆ ಬರತ್ತೆ."

ಅದೇ ಪ್ರಶ್ನೆ, ಅದೇ ಉತ್ತರ, ದಿನಕ್ಕೆ ಹತ್ತು ಸಲ. ಮಗನ ಹೆಸರು ಮರೆತರು, ಊಟ ಮಾಡಿದ್ದು ಮರೆತರು. ಕೊಡಲಿ ಮರೆಯಲಿಲ್ಲ. ಮನೆಮನೆಗೂ ಹೋಗಿ "ನಮ್ಮ ಕೊಡಲಿ ಬಂದೈತಾ?" ಎಂದು ವಿಚಾರಿಸುತ್ತಿದ್ದರು. ಕುಲುಮೆ ಮುಚ್ಚಿ ವರ್ಷಗಳಾಗಿದ್ದವು. ಆ ಬಾಗಿಲ ಮುಂದೆ ಹೋಗಿ ಕೂರುತ್ತಿದ್ದರು. ಎದುರು ಮನೆಯಾಕೆ ಮಧ್ಯಾಹ್ನ ಹೋಗಿ ಕೈಹಿಡಿದು ಕರೆತರುತ್ತಿದ್ದರು. ಒಂದು ದಿನ ಆಕೆಯೇ ನನ್ನ ಮುಖ ನೋಡದೆ ಹೇಳಿದರು, "ಏನಾದ್ರೂ ಒಂದು ಕೈಗೆ ಕೊಡವ್ವ ಅವರಿಗೆ. ನೋಡೋಕಾಗಲ್ಲ."

ಗಂಡ ಬಡಗಿಗೆ ಹೇಳಿ ಒಂದು ಮರದ ಕೊಡಲಿ ಮಾಡಿಸಿ ತಂದರು. ಅಲಗೂ ಮರದ್ದೇ, ಕಪ್ಪು ಬಣ್ಣ ಹಚ್ಚಿದ್ದು. ನಾನೇ ಅದನ್ನು ಹಿತ್ತಲಿಗೆ ತಂದು, "ನೋಡಿ ಅತ್ತೆ, ಕುಲುಮೆಯಿಂದ ಬಂತು" ಎಂದು ಅವರ ಕೈಗಿಟ್ಟೆ. ಅತ್ತೆಯ ಮುಖ ಅರಳಿತು. ಎರಡೂ ಕೈಯಲ್ಲಿ ಹಿಡಿದರು, ಎತ್ತಲು ಹೋದರು. ಅರ್ಧಕ್ಕೇ ನಿಂತರು. ಒಮ್ಮೆ ಅದರ ತೂಕ ನೋಡಿದರು, ಒಮ್ಮೆ ನನ್ನನ್ನು. ಎಷ್ಟೋ ತಿಂಗಳ ಮೇಲೆ ಆ ಕಣ್ಣಿಗೆ ನಾನು ಯಾರೆಂದು ಸ್ಪಷ್ಟವಾಗಿ ಗೊತ್ತಿತ್ತು. ಅದನ್ನು ಮೆಲ್ಲಗೆ ಗೋಡೆಗೆ ಒರಗಿಸಿ ಹೇಳಿದರು.

"ಮರೆವು ಬಂದೈತೆ ಕಣವ್ವ ನಂಗೆ. ಹುಚ್ಚು ಹಿಡ್ದಿಲ್ಲ."

ಆಮೇಲೆ ಅವರು ಕೊಡಲಿ ಕೇಳಲಿಲ್ಲ. ದಿನಕ್ಕೆ ಹತ್ತು ಸಲ ಕೇಳುತ್ತಿದ್ದಾಗ ಇದು ಎಂದು ನಿಲ್ಲುತ್ತದೋ ಎಂದುಕೊಂಡಿದ್ದೆ. ನಿಂತ ಮೇಲೆ ನನಗೆ ಮನೆಯಲ್ಲಿ ಇರಲಾಗಲಿಲ್ಲ. ಅವರು ಹಿತ್ತಲಿಗೆ ಹೋಗುವುದನ್ನು ಬಿಟ್ಟರು, ಆಮೇಲೆ ಅಂಗಳಕ್ಕೆ ಬರುವುದನ್ನು ಬಿಟ್ಟರು, ಆಮೇಲೆ ಏಳುವುದನ್ನು. ನಾನು ಕೆಲಸ ಬಿಟ್ಟು ಮನೆಯಲ್ಲುಳಿದೆ. ಅದನ್ನು ಮೊದಲೇ ಮಾಡಬಹುದಿತ್ತು. ಮಗಳನ್ನು ಸ್ಕೂಲಿಗೆ ಕಳಿಸಿ, ದಿನಕ್ಕೆ ಅರ್ಧ ಗಂಟೆ ಅವರ ಪಕ್ಕ ನಿಂತು, ನಾಲ್ಕು ಹೊಡೆತ ಹೊಡೆಯಲು ಬಿಡಬಹುದಿತ್ತು. ಇದು ನನಗೆ ಹೊಳೆದಾಗ ಅವರ ತೋಳಿನಲ್ಲಿ ತಂಬಿಗೆ ಎತ್ತುವಷ್ಟೂ ಶಕ್ತಿ ಉಳಿದಿರಲಿಲ್ಲ.

ಕೊನೆಯ ದಿನಗಳಲ್ಲಿ ಅವರಿಗೆ ಒಂದೇ ಚಿಂತೆ. ಬಾಣಂತಿಗೆ ನೀರು ಕಾದಿಲ್ಲ, ಬಾಣಂತಿಗೆ ನೀರು ಕಾದಿಲ್ಲ... ಕಾದಿದೆ ಎಂದರೆ ನಂಬುತ್ತಿರಲಿಲ್ಲ. ಕೊನೆಗೆ ನಾನು ಬಚ್ಚಲಿಗೆ ಹೋಗಿ ತಲೆಗೆ ಬಿಸಿನೀರು ಸುರಿದುಕೊಂಡು, ಒದ್ದೆ ಕೂದಲಲ್ಲೇ ಬಂದು ಅವರ ಹಾಸಿಗೆಯ ಪಕ್ಕ ಬಗ್ಗಿ ಕೂರುತ್ತಿದ್ದೆ. "ಆಯ್ತು ಅತ್ತೆ. ಸ್ನಾನ ಮಾಡಿ ಬಂದೆ." ಅವರು ಕೈಯೆತ್ತಿ ಕೂದಲು ಮುಟ್ಟಿ ನೋಡುತ್ತಿದ್ದರು. ಬೆಚ್ಚಗಿದ್ದರೆ ಸಮಾಧಾನವಾಗುತ್ತಿತ್ತು. "ಒರೆಸ್ಕೊ, ಶೀತ ಆಯ್ತದೆ" ಎನ್ನುತ್ತಿದ್ದರು. ದಿನಕ್ಕೆ ಮೂರು ಸಲ, ಕೆಲವು ದಿನ ಐದು ಸಲ ನಾನು ತಲೆಗೆ ನೀರು ಹಾಕಿಕೊಂಡೆ. ಒಂದು ಮಧ್ಯಾಹ್ನ ಹಾಗೆ ಬಂದು ಬಗ್ಗಿ ಕೂತಾಗ ಕೈ ಮೇಲೆ ಬರಲಿಲ್ಲ. ಸ್ವಲ್ಪ ಹೊತ್ತು ಕಾದೆ. ಆಮೇಲೆ ನಾನೇ ಆ ಕೈ ತೆಗೆದು ತಲೆಯ ಮೇಲೆ ಇಟ್ಟುಕೊಂಡೆ.

ಒಂಬತ್ತು ವರ್ಷವಾಯಿತು. ಮಗಳು ಈಗ ಪಿಯುಸಿ ಓದುತ್ತಿದ್ದಾಳೆ. ನಾನು ಮತ್ತೆ ಅದೇ ಗಾರ್ಮೆಂಟ್ಸಿಗೆ ಹೋಗುತ್ತೇನೆ. ನೀಲಗಿರಿಯ ವಾಸನೆ ಬಂದ ಆ ದಿನ ಬಸ್ಸಿಳಿದು ಮನೆಗೆ ಬಂದು, ಅಡುಗೆಗೂ ಏಳದೆ ಕೂತಿದ್ದ ನನ್ನನ್ನು ಕಂಡು ಮಗಳು ಏನಾಯಿತೆಂದು ಕೇಳಿದಳು. ಅಜ್ಜಿ ನೆನಪಾದರು ಎಂದೆ.

"ನಂಗೆ ಅಜ್ಜಿ ಅಂದ್ರೆ ಭಯನೇ ನೆನಪಾಗೋದು ಅಮ್ಮ," ಎಂದಳು. "ಕೊಡಲೀಲಿ ಹೊಡಿಯೋಕೆ ಬಂದಿದ್ರಲ್ಲ ನಂಗೆ."

ಯಾರು ಹಾಗೆ ಹೇಳಿದರೋ, ಅವಳೇ ಹಾಗೆ ಅಂದುಕೊಂಡಳೋ. ಇಷ್ಟು ವರ್ಷ ಅವಳು ಅದನ್ನೇ ನಂಬಿಕೊಂಡು ಬಂದಿದ್ದಾಳೆ ಎಂಬುದೂ ನನಗೆ ತಿಳಿದಿರಲಿಲ್ಲ. ಹೊಡೆಯೋಕಲ್ಲ ಕಣೇ, ನಿನಗೆ ನೀರು ಕಾಯಿಸೋಕೆ, ಎಂದೆ. ಎಲ್ಲವನ್ನೂ ಹೇಳಿದೆ. ಮೈದುನನಿಗಾಗಿ ಕಾದ ಎರಡು ದಿನ, ಮಳೆ, ಮೂರು ತಿಂಗಳು ತಣ್ಣಗಾಗದ ಹಂಡೆ, ಗುಜರಿಗೆ ಹಾಕಿದ ಕೊಡಲಿ. ಮಗಳು ಮೊಬೈಲು ಪಕ್ಕಕ್ಕಿಟ್ಟು ಕೇಳಿಸಿಕೊಂಡಳು. ಆದರೆ ನನ್ನ ಮಾತಿನಲ್ಲಿ ಆ ತೋಳು ಇರಲಿಲ್ಲ, ಆ ಸದ್ದು ಇರಲಿಲ್ಲ. ಅವಳಿಗೆ ನಾನು ಯಾರದೋ ಕಥೆ ಹೇಳಿದಂತಾಯಿತೇ ಹೊರತು, ಅವಳ ಅಜ್ಜಿಯನ್ನು ವಾಪಸು ಕೊಡಲು ನನ್ನಿಂದಾಗಲಿಲ್ಲ.

ಆಮೇಲೆ ಕೇಳಿದಳು, "ಮತ್ತೆ ನೀನ್ಯಾಕಮ್ಮ ಕೊಡಲಿ ಕೊಟ್ಬಿಟ್ಟೆ?"

ನಿನಗಾಗಿ ಎನ್ನುವ ಮಾತು ಬಾಯಿಯವರೆಗೆ ಬಂತು. ಅಷ್ಟು ಭಾರವನ್ನು ಅವಳ ಮೇಲೆ ಹೊರಿಸಲು ಮನಸ್ಸು ಒಪ್ಪಲಿಲ್ಲ.

"ನಂಗೆ ಕೆಲಸಕ್ಕೆ ಹೋಗ್ಬೇಕಿತ್ತು" ಎಂದೆ.

ಅದೂ ನಿಜವೇ.