ಫುಮಿನೊ ಹೊಲಿದ ಬಿಗಿ ಕಾಲರು

ಟೋಕಿಯೊದ ಕಿತಾ-ಸೆಂಜು ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಇಗುಚಿ ಫುಮಿನೊ ಶಾಲಾ ಸಮವಸ್ತ್ರ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದಳು. ಅವಳ ಕೈಯಲ್ಲಿ ಒಂದು ಕೋಟು ಹೊಲಿಸಿದರೆ ಹುಡುಗ ಮೂರು ವರ್ಷ ಅದರೊಳಗೇ ಬೆಳೆಯಬಹುದು ಎಂದು ತಾಯಂದಿರು ಹೇಳುತ್ತಿದ್ದರು. ಬಿಗಿ ಎನ್ನುವ ಮಾತು ಅವಳ ಪಾಲಿಗೆ ಬೈಗುಳ. ಗಂಡ ಶಿಗೆಜೊ ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ಮೂವತ್ತು ವರ್ಷ ಬಾವುಟ ಹಿಡಿದು ನಿವೃತ್ತನಾದ ಮೇಲೆ, ಅಂಗಡಿಯ ಮೂಲೆಯಲ್ಲಿ ಚಹಾ ಕುಡಿಯುತ್ತ ಬಂದವರ ಬಗ್ಗೆ ಅಭಿಪ್ರಾಯ ಕೊಡುವ ಉದ್ಯೋಗ ಹಿಡಿದಿದ್ದ.

೧೯೮೦ರ ವಸಂತದಲ್ಲಿ ತಬುಚಿ ಎಂಬವನು ಅಂಗಡಿಗೆ ಬಂದ. ಕಾಲೇಜು ಬಿಟ್ಟ ಮೂವರು ಹುಡುಗರನ್ನು ಸೇರಿಸಿ ಅವನೊಂದು ಸಂಗೀತದ ಗುಂಪು ಕಟ್ಟಿದ್ದ. ಗಿಟಾರಿಲ್ಲ, ಡ್ರಮ್ಮಿಲ್ಲ, ಎಲ್ಲವೂ ವಿದ್ಯುತ್ ಯಂತ್ರಗಳೇ. ಗುಂಪಿಗೆ ‘ತೇದೆನ್’ ಎಂದು ಹೆಸರಿಟ್ಟಿದ್ದ, ಅಂದರೆ ‘ಕರೆಂಟು ಹೋಯಿತು’. ಹಾಗಾದರೆ ಕರೆಂಟು ಹೋದ ದಿನ ಇವರು ಏನು ಬಾರಿಸುತ್ತಾರೆ ಎಂದು ಶಿಗೆಜೊ ಮೂಲೆಯಿಂದ ಕೇಳಿದ. ತಬುಚಿಯ ಕಣ್ಣು ಆಗಲೇ ಕಪಾಟಿನ ಮೇಲಿದ್ದ ಮೂರು ಕೆಂಪು ಕೋಟುಗಳ ಮೇಲೆ ನೆಟ್ಟಿತ್ತು. ಯಾವುದೋ ಶಾಲೆಯ ಬ್ಯಾಂಡ್ ತಂಡಕ್ಕೆ ಹೊಲಿದಿದ್ದವು ಅವು. ಮಕ್ಕಳು ಸಾಲದೆ ಆ ತಂಡವೇ ಮುಚ್ಚಿಹೋಗಿ ಕೋಟುಗಳು ಅಲ್ಲೇ ಉಳಿದಿದ್ದವು.

“ಅವು ಹದಿಮೂರು ವರ್ಷದ ಮಕ್ಕಳ ಅಳತೆ ಕಣಪ್ಪ,” ಎಂದಳು ಫುಮಿನೊ.

“ನಮ್ಮ ಹುಡುಗರು ಹೊಟ್ಟೆಗೆ ತಿನ್ನೋದೇ ಕಮ್ಮಿ ಅಮ್ಮ. ಹಿಡಿಸುತ್ತೆ,” ಎಂದ ತಬುಚಿ.

ಒಳಮಡಿಕೆಯಲ್ಲಿ ಬಿಟ್ಟಿದ್ದ ಬಟ್ಟೆಯನ್ನೆಲ್ಲ ಬಿಚ್ಚಿ ಅವಳು ಎದೆಯನ್ನು ಹೇಗೋ ಅಗಲ ಮಾಡಿದಳು. ಆದರೆ ಕಾಲರಿಗೆ ಏನೂ ಮಾಡಲಾಗಲಿಲ್ಲ. ಒಳಗೆ ಗಟ್ಟಿ ಪಟ್ಟಿ ಇಟ್ಟು ಹೊಲಿದ, ಗಲ್ಲದವರೆಗೆ ಏರುವ ಕಾಲರು ಅದು. ಹುಡುಗರಲ್ಲಿ ದೊಡ್ಡವನಾದ ಇಶ್ಶಿಕಿ ಕೋಟು ತೊಟ್ಟು ಕೊಕ್ಕೆ ಹಾಕಿದಾಗ ಅವನ ಮುಖ ಕೋಟಿನ ಬಣ್ಣಕ್ಕೆ ತಿರುಗಿತು. ಮಾತಾಡಲು ಬಾಯಿ ತೆರೆದವನು ಅದು ಆಗದ ಕೆಲಸ ಎಂದು ಸುಮ್ಮನಾದ.

ಮೊದಲ ಸಂಗೀತ ಕಚೇರಿ ಶಿಬುಯಾದ ಒಂದು ಸಣ್ಣ ಸಭಾಂಗಣದಲ್ಲಿ. ಸಂಗೀತ ಕೇಳುವ ಹುಚ್ಚು ಫುಮಿನೊಗಿರಲಿಲ್ಲ. ಹೊಲಿಗೆ ಎಲ್ಲಿ ಬಿಟ್ಟುಕೊಳ್ಳುತ್ತದೋ ಎಂಬ ಹೆದರಿಕೆಯಿಂದ ಸೂಜಿದಾರ ಹಿಡಿದು, ಗಂಡನನ್ನೂ ಕರೆದುಕೊಂಡು ಹೋದಳು. ಹೆದರಿದಂತೆಯೇ, ವೇದಿಕೆ ಹತ್ತುವ ಮೊದಲೇ ಇಶ್ಶಿಕಿಯ ಎಡ ಕಂಕುಳು ಪರ್ರನೆ ಹರಿಯಿತು. ಕೈಗೆ ಸಿಕ್ಕ ಕಪ್ಪು ದಾರದಲ್ಲೇ ನಾಲ್ಕು ಒರಟು ಹೊಲಿಗೆ ಹಾಕಿ, ಕೈ ಎತ್ತಬೇಡ ಎಂದು ಹೇಳಿ ಕಳಿಸಿದಳು.

ಅವನು ಕೈ ಎತ್ತಲಿಲ್ಲ. ಮೂವರೂ ಕತ್ತು ಹೊರಳಿಸದೆ, ತುಟಿಯಲುಗದ ಹಾಗೆ, ನೆಟ್ಟ ಕಂಬಗಳಂತೆ ಯಂತ್ರಗಳ ಹಿಂದೆ ನಿಂತರು. ಯಂತ್ರಗಳು ಕೀ ಕೀ ಎಂದವು, ಟುಕ್ ಟುಕ್ ಎಂದವು. ಮುಖ್ಯ ಹಾಡಿನ ಸಾಹಿತ್ಯ ಒಂದೇ ಸಾಲು: ‘ಬಾಗಿಲು ಮುಚ್ಚಲಿದೆ, ದಯವಿಟ್ಟು ಹಿಂದೆ ಸರಿಯಿರಿ.’ ಐದು ನಿಮಿಷ ಅದನ್ನೇ ಹೇಳಿದರು. ಜನ ಕುಣಿದಾಡಿದರು.

“ಮೂವತ್ತು ವರ್ಷ ನಾನು ದಿನಾ ಇದನ್ನೇ ಕೂಗ್ದೆ ಕಣೇ,” ಎಂದ ಶಿಗೆಜೊ. “ಒಬ್ಬನಾದ್ರೂ ಚಪ್ಪಾಳೆ ತಟ್ಲಿಲ್ಲ.”

ಕೊನೆಗೆ ತಲೆ ಬಾಗಿಸಿ ವಂದಿಸಬೇಕಲ್ಲ, ತಲೆ ಬಾಗಲಿಲ್ಲ. ಮೂವರೂ ಸೊಂಟದಲ್ಲಿ ಮಡಚಿ, ಮಡಚುವ ಅಡಿಕೋಲಿನಂತೆ ನೆಟ್ಟಗೆ ಮುಂದಕ್ಕೆ ಬಿದ್ದು ಎದ್ದರು. ಆ ವಂದನೆಗೆ ಬಿದ್ದ ಚಪ್ಪಾಳೆ ಹಾಡಿಗೂ ಬಿದ್ದಿರಲಿಲ್ಲ. ನಾಚಿಕೆಯಿಂದ ಫುಮಿನೊ ಮುಖ ಮುಚ್ಚಿಕೊಂಡಳು. ತನ್ನ ಜನ್ಮದಲ್ಲೇ ಇಷ್ಟು ಕೆಟ್ಟ ಕೋಟನ್ನು ಅವಳು ಅಂಗಡಿಯಿಂದ ಹೊರಗೆ ಬಿಟ್ಟಿರಲಿಲ್ಲ.

ಮುಂದಿನ ತಿಂಗಳು ಒಂದು ಪತ್ರಿಕೆಯಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರೊಬ್ಬರು ತೇದೆನ್ ಬಗ್ಗೆ ಹನ್ನೆರಡು ಪುಟ ಬರೆದರು. ಕತ್ತು ತಿರುಗಿಸದಿರುವುದು ಈ ಯುವಕರ ರಾಜಕೀಯ ನಿಲುವಂತೆ. ಮನುಷ್ಯ ಯಂತ್ರವಾಗುವ ದುರಂತವನ್ನು ಅವರು ತಮ್ಮ ದೇಹದ ಮೇಲೆಯೇ ಬರೆದುಕೊಂಡಿದ್ದಾರಂತೆ. ಶಿಗೆಜೊ ಲೇಖನವನ್ನು ಗಟ್ಟಿಯಾಗಿ ಓದಿ ಹೇಳಿದ. ಇದರಲ್ಲಿ ಕಾಲರಿನ ಮಾತು ಎಲ್ಲಿ ಬರುತ್ತದೆ ಎಂದು ಫುಮಿನೊ ಎರಡು ಸಲ ಕೇಳಿದಳು. ಎಲ್ಲೂ ಬರಲಿಲ್ಲ.

ಅವಳಿಗೆ ಸಮಾಧಾನವಾಗಲಿಲ್ಲ. ಹುಡುಗರನ್ನು ಅಂಗಡಿಗೆ ಕರೆಸಿ, ಟೇಪು ಹಿಡಿದು ಸರಿಯಾಗಿ ಅಳತೆ ತೆಗೆದು, ಹದಿನೈದು ದಿನದಲ್ಲಿ ಮೂರು ಹೊಸ ಕೋಟು ಹೊಲಿದಳು. ಬಣ್ಣ ಅದೇ, ಕಾಲರಿನ ಒಳಗೆ ಮಾತ್ರ ಎರಡು ಬೆರಳು ಆಡುವಷ್ಟು ಜಾಗ. ತೊಟ್ಟುಕೊಂಡ ಇಶ್ಶಿಕಿ ಕತ್ತನ್ನು ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ. ಅವನ ಕಣ್ಣಲ್ಲಿ ನೀರು ಬಂತು. ಅಂದಿನ ಮಟ್ಟಿಗೆ ಫುಮಿನೊ ತನ್ನ ಮರ್ಯಾದೆ ಉಳಿಯಿತೆಂದುಕೊಂಡಳು.

ಆ ಕೋಟಿನಲ್ಲಿ ಅವರು ಓಸಾಕಾಕ್ಕೆ ಹೋಗಿ ಹಾಡಿದರು. ಕತ್ತು ಆಡಿತು ಎಂದ ಮೇಲೆ ಹುಡುಗರು ಸುಮ್ಮನಿರುತ್ತಾರೆಯೆ? ತಲೆದೂಗಿದರು, ನಕ್ಕರು. ಒಬ್ಬ ಕಣ್ಣು ಕೂಡ ಹೊಡೆದನಂತೆ. ಜನ ಮೊದಲು ಬೆಪ್ಪಾದರು, ಆಮೇಲೆ ಎದ್ದು ಹೊರಟರು. ತೇದೆನ್ ತನ್ನ ತತ್ತ್ವವನ್ನು ಮಾರಿಕೊಂಡಿತು ಎಂದು ಅದೇ ಪ್ರಾಧ್ಯಾಪಕರು ಈ ಸಲ ಬರೀ ಎರಡು ಪುಟದಲ್ಲಿ ಮುಗಿಸಿದರು.

ತಬುಚಿ ಓಡಿಬಂದು, ಹಳೆಯ ಕೋಟುಗಳು ಇನ್ನೊಂದು ಕಚೇರಿ ತಾಳುವುದಿಲ್ಲ, ಹೊಸದನ್ನೇ ಹಳೆಯ ಹಾಗೆ ಮಾಡಿಕೊಡಿ ಎಂದು ಗೋಗರೆದ. ಸರಿಯಾಗಿ ಹೊಲಿದದ್ದನ್ನು ಕೆಡಿಸುವ ವಿದ್ಯೆ ತಾನು ಕಲಿತಿಲ್ಲವೆಂದು ಫುಮಿನೊ ಅವನನ್ನು ಬಾಗಿಲಾಚೆ ಅಟ್ಟಿದಳು. ಮರುದಿನ ಇಶ್ಶಿಕಿ ಆ ಹೊಸ ಕೋಟು ತೊಟ್ಟು ಒಬ್ಬನೇ ಬಂದ. ಮಂಡಿಯೂರಿ, ಹಣೆ ನೆಲಕ್ಕೆ ತಾಗುವ ಹಾಗೆ ಬಾಗಿದ. ಅಷ್ಟು ಚೆನ್ನಾಗಿ ಅವನು ಬಾಗಿದ್ದು ಅವಳ ಹೊಸ ಕಾಲರಿನ ಕೃಪೆಯಿಂದ.

“ಅಮ್ಮ, ಕಾಲರು ಬಿಗಿ ಮಾಡ್ಕೊಡಿ.”

“ಉಸಿರಾಡೋ ಹಾಗಾಯ್ತು ಅಂತ ಅತ್ತೋನು ನೀನೇ ತಾನೆ?”

“ಉಸಿರಾಡಿದ್ರೆ ನಮ್ಮನ್ನ ಯಾರೂ ಕೇಳಲ್ಲಮ್ಮ.”

ಫುಮಿನೊ ಕತ್ತರಿ ತೆಗೆದುಕೊಂಡಳು. ಅಲ್ಲಿಂದ ಏಳು ವರ್ಷ, ಗುಂಪು ಒಡೆಯುವವರೆಗೆ, ತೇದೆನ್ ತೊಟ್ಟ ಒಂದೊಂದು ಕೆಟ್ಟ ಕೋಟನ್ನೂ ಫುಮಿನೊ ಲೆಕ್ಕಾಚಾರದಿಂದ, ಶ್ರದ್ಧೆಯಿಂದ ಕೆಟ್ಟದಾಗಿ ಹೊಲಿದಳು. ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಬೀದಿಯ ಶಾಲಾ ಹುಡುಗರೆಲ್ಲ ತಮಗೂ ಗಂಟಲು ಹಿಸುಕುವ ಕಾಲರು ಬೇಕೆಂದು ಹಟ ಹಿಡಿದರು. ಬೆಳೆಯುವ ಮೈಗೆ ಜಾಗ ಬಿಡಿ ಎಂದು ಇಪ್ಪತ್ತು ವರ್ಷದಿಂದ ತಾಯಂದಿರಿಗೆ ಬುದ್ಧಿ ಹೇಳಿದವಳಿಗೆ, ಮಕ್ಕಳ ಕತ್ತು ಯಾಕೆ ಹಿಸುಕುತ್ತೀರಿ ಎಂದು ಅದೇ ತಾಯಂದಿರು ಬಂದು ಬುದ್ಧಿ ಹೇಳಿದರು.

ಶಿಗೆಜೊ ತೀರಿಕೊಂಡ. ಅಂಗಡಿ ಚಿಕ್ಕದಾಯಿತು. ಫುಮಿನೊಗೆ ಎಂಬತ್ತೈದು ತುಂಬಿದ ವರ್ಷ ಒಂದು ವಸ್ತುಸಂಗ್ರಹಾಲಯದಲ್ಲಿ ತೇದೆನ್ ಪ್ರದರ್ಶನ ಏರ್ಪಟ್ಟಿತು. ಅವಳಿಗೆ ಯಾರೂ ಆಹ್ವಾನ ಕಳಿಸಲಿಲ್ಲ. ಹಿರಿಯ ನಾಗರಿಕರ ಟಿಕೆಟು ತೆಗೆದುಕೊಂಡು ತಾನೇ ಹೋದಳು. ಗಾಜಿನ ಪೆಟ್ಟಿಗೆಯೊಳಗೆ ಆ ಮೊದಲ ಕೆಂಪು ಕೋಟು ನಿಂತಿತ್ತು. ವಿನ್ಯಾಸ ತಬುಚಿಯದೆಂದು ಪಕ್ಕದ ಫಲಕ ಹೇಳುತ್ತಿತ್ತು. ಅದಕ್ಕೆ ಅವಳು ತಲೆ ಕೆಡಿಸಿಕೊಳ್ಳಲಿಲ್ಲ, ಅಂಥ ಕೋಟಿನ ಮೇಲೆ ತನ್ನ ಹೆಸರಿಲ್ಲದಿರುವುದೇ ಒಳ್ಳೆಯದೆನಿಸಿತು. ಆದರೆ ಕೆಳಗೆ ಇನ್ನೊಂದು ಸಾಲಿತ್ತು: ‘ಎಡ ಕಂಕುಳಿನ ಒರಟು ಕಪ್ಪು ಹೊಲಿಗೆಗಳನ್ನು ಗಮನಿಸಿ. ಪರಿಪೂರ್ಣತೆಯ ವಿರುದ್ಧ ಇದೊಂದು ಪ್ರಜ್ಞಾಪೂರ್ವಕ ಪ್ರತಿಭಟನೆ.’

ಅಲ್ಲಿ ನಿಂತಿದ್ದ ಮೇಲ್ವಿಚಾರಕಿಗೆ ಫುಮಿನೊ ವಿಷಯ ತಿಳಿಸಿದಳು: ಅದು ಪ್ರತಿಭಟನೆಯಲ್ಲ, ಕೆಂಪು ದಾರ ತರುವುದನ್ನು ನಾನು ಮರೆತಿದ್ದೆ. ಆ ಹುಡುಗಿ ತುಂಬ ವಿನಯದಿಂದ ಕೇಳಿಸಿಕೊಂಡು, ಪ್ರೇಕ್ಷಕರ ನೆನಪುಗಳು ನಮಗೆ ಅಮೂಲ್ಯ ಎಂದು ಒಂದು ಅಭಿಪ್ರಾಯ ಚೀಟಿ ಕೊಟ್ಟಳು.

ಅದೇ ಹೊತ್ತಿಗೆ ಪತ್ರಕರ್ತರ ಹಿಂಡಿನ ನಡುವೆ ಇಶ್ಶಿಕಿ ಬಂದ. ಅರವತ್ತು ದಾಟಿದವನು, ಸಡಿಲವಾದ ಲಿನನ್ ಅಂಗಿ ತೊಟ್ಟಿದ್ದ. ಬಿಗಿ ಕಾಲರಿನ ಅರ್ಥವೇನೆಂದು ಯಾರೋ ಕೇಳಿದರು. ಅವನು ಬಾಯಿ ತೆರೆಯುವಷ್ಟರಲ್ಲಿ ಮುದುಕಿಯನ್ನು ಕಂಡ. ಆದರೂ ಆಧುನಿಕ ಮನುಷ್ಯನ ಬಂಧನದ ಬಗ್ಗೆ ಹತ್ತು ನಿಮಿಷ ನಿರರ್ಗಳವಾಗಿ ಮಾತಾಡಿದ.

ಎಲ್ಲರೂ ಚದುರಿದ ಮೇಲೆ ಹತ್ತಿರ ಬಂದು ಮೆಲ್ಲಗೆ ಹೇಳಿದ: “ಏನ್ ಮಾಡ್ಲಿ ಅಮ್ಮ, ಅವರಿಗೆ ಬೇಕಾಗಿರೋದು ಅದೇ.”

“ಕತ್ತಿಗೆ ಹಾಕಿದ್ದನ್ನ ಬಿಚ್ಚಿ ನಾಲಿಗೆಗೆ ಹಾಕ್ಕೊಂಡಿದ್ದೀಯ,” ಎಂದಳು ಫುಮಿನೊ. “ಅದಕ್ಕೆ ಅಳತೆ ಯಾರು ತೆಗೆದ್ರು?”

ಇಶ್ಶಿಕಿ ನಗಲು ನೋಡಿದ. ಅಷ್ಟರಲ್ಲಿ ಛಾಯಾಗ್ರಾಹಕರು ಕರೆದರು, ಅವನು ಕೋಟಿನ ಪಕ್ಕ ಹೋಗಿ ಕಂಬದಂತೆ ನಿಂತ.

ಫುಮಿನೊ ಕನ್ನಡಕ ಹಾಕಿಕೊಂಡು ಚೀಟಿ ತುಂಬಿದಳು. ಎಡ ಕಂಕುಳು ಸರಿಯಾಗಿಲ್ಲ, ಕೋಟು ಕಳಿಸಿಕೊಟ್ಟರೆ ಎರಡು ದಿನದಲ್ಲಿ ರಿಪೇರಿ ಮಾಡಿಕೊಡುತ್ತೇನೆ ಎಂದು ಬರೆದು, ಅಂಗಡಿಯ ವಿಳಾಸ ಹಾಕಿ ಡಬ್ಬಿಗೆ ಹಾಕಿದಳು. ಹೊರಗೆ ಬಂದಾಗ ಹಸಿವಾಗಿತ್ತು. ಸ್ಟೇಷನ್ನಿನ ಹತ್ತಿರ ನಿಂತುಕೊಂಡೇ ಒಂದು ಬಟ್ಟಲು ಬಿಸಿ ಸೋಬಾ ಶ್ಯಾವಿಗೆ ತಿಂದು ರೈಲು ಹತ್ತಿದಳು.